ಕೆಂಪು ಬ್ಯಾಡ, ನೀಲಿ

ಕಪ್ಪತಗುಡ್ಡದಿಂದ ಇಳಿದು ಬಂದ ಜೀಪು
ಮುಳಗುಂದ ನಾಕಾದ ನಮ್ಮ ಶೆಡ್ಡಿನೆದುರು
ಹೊಟ್ಟೆಯೊಳಗೆ ಡಬರಿ ಉರುಳಿಸುತ್ತ ನಿಂತಿತು.

ಫಕ್ಕೀರೇಶ ಅಸುಂಡಿ, ಗುಡ್ಡದ ಗಾಳಿಫ್ಯಾನುಗಳ ಸುಪರ್‌ವೈಜರು,
ಕರವಸ್ತ್ರದ ಗಂಟು ಬಿಚ್ಚಿದ. ಒಳಗೊಂದು ಬೋಲ್ಟು.
ಡೋಣಿ ಕಡೆಯ ಏರಿನಲ್ಲಿ ಕುರಿ ಕಾಯುವ ಹುಡುಗ
ಓಡಿ ಬಂದು ಕೊಟ್ಟನಂತೆ:
'ಅಣ್ಣಾರ, ನಿಮ್ಮ ಗಾಡೀದೊಂದು ಹಲ್ಲು ಬಿದ್ದೈತ್ರಿ.'

ಕೆಳಗೆ ತೆವಳಿ ನೋಡಿದೆ.
ಪ್ರೊಪೆಲ್ಲರ್ ಶಾಫ್ಟಿನ ನಾಲ್ಕರಲ್ಲಿ ಒಂದು ತೂತು ಖಾಲಿ.
ಎರಡು, ಬೆರಳು ತಾಗಿಸಿದರೆ ಸಾಕು, ತಿರುಗಿದವು.
ಉಳಿದದ್ದೊಂದೇ, ದೊಡ್ಡ ಮನೆಯ ಹಿರಿಸೊಸೆಯ ಹಾಗೆ,
ಎಲ್ಲರದೂ ಹೊತ್ತು ಬಗ್ಗಿತ್ತು.

'ಹೋದ ತಿಂಗಳ ನಾನ ಬಿಗದಿದ್ದೆ ಉಸ್ತಾದ್,
ಮೈಯಾಗಿನ ಜೋರೆಲ್ಲಾ ಹಾಕಿ.'
'ನೀ ಬಿಗಿಯೂದು ಒಂದ ಸಲ' ಅಂದರು ದಾವಲಸಾಬ್,
'ಗುಡ್ಡ ದಿನಾ ಬಿಚ್ಚತೈತಿ, ಸಾವಕಾಶ.'

ಅವರ ಬಲಗೈಗೆ ನಡುಕ ಹತ್ತಿ ಎರಡು ವರ್ಷ.
ಹುಬ್ಬಳ್ಳಿ ದವಾಖಾನೆಯ ಗುಳಿಗೆ
ಮುಂಜಾನೆ ಒಂದಿಷ್ಟು ಹಿಡಿದಿಡುತ್ತದೆ.
ಮಧ್ಯಾಹ್ನದ ಚಹಾ ತಾನೇ ಬಶಿಗೆ ಇಳಿಯುತ್ತದೆ.
ಪಾನಾ ಮುಟ್ಟುವುದಿಲ್ಲ ಈಗ.
ಹಳೆ ಟೈರಿನ ಮೇಲೆ ಕೂತು
ಕಿವಿಯಿಂದಲೇ ರಿಪೇರಿ ಮಾಡುತ್ತಾರೆ.

ಹೊಸ ಬೋಲ್ಟು ನಾಲ್ಕು. ಪೆಟ್ರೋಲಿನಲ್ಲಿ ಜಳಕ.
ತೂತುಗಳಿಗೆ ತಂತಿ ಬ್ರಶ್ಶು, ಮತ್ತೆ ಪೆಟ್ರೋಲು, ಮತ್ತೆ ಊದು, ಒಣಗಿಸು.
'ಜಿಡ್ಡಿನ ಮ್ಯಾಲೆ ಯಾವ್ದೂ ಕೂಡಂಗಿಲ್ಲ.'
ಹಲಗೆಯ ಮೇಲೆ ಥ್ರೆಡ್‌ಲಾಕರಿನ ಎರಡು ಪುಟ್ಟ ಬಾಟಲಿ.
ನನ್ನ ಕೈ ಕೆಂಪಿಗೆ ಹೋಯಿತು.

'ಕೆಂಪು ಬ್ಯಾಡಲೇ ಕೊಟ್ರ್ಯಾ. ನೀಲಿ.'
'ಕೆಂಪು ಗಟ್ಟಿ ಅಲ್ಲೇನ್ರೀ?'
'ಗಟ್ಟಿನ. ಬೆಂಕಿ ತೋರಸೂತನಾ ಬಿಡಂಗಿಲ್ಲ.
ಬಿಗಿಯೂವಾಗ ಮುಂದ ಬಿಚ್ಚಾಂವನ ಕೈ ನೆನಸಬೇಕು.
ಗುಡ್ಡದ ಮ್ಯಾಲೆ, ಹೊತ್ತು ಮುಳಗೂ ಯಾಳ್ಯಾದಾಗ,
ಅವನ ಹಂತ್ಯಾಕ ಬರೇ ಒಂದು ಪಾನಾ ಇರತೈತಿ.'

ನೀಲಿ ಬಾಟಲಿ ಹೊಸದು, ಆದರೂ ಪೂರ್ತಿ ತುಂಬಿಲ್ಲ.
ಅಂಗಡಿಯವ ಮೋಸ ಮಾಡಿದ ಅಂದುಕೊಂಡಿದ್ದೆ ಮೊದಮೊದಲು.
ಮೋಸವಲ್ಲ, ಅದು ಅದರ ಉಸಿರಿನ ಜಾಗ.
ಗಾಳಿ ಇರುವತನಕ ನೀರು.
ಕಬ್ಬಿಣ ಕಬ್ಬಿಣದ ನಡುವೆ, ಗಾಳಿ ಸಿಗದ ಸಂದಿಯಲ್ಲಿ
ತನ್ನಷ್ಟಕ್ಕೆ ತಾನೇ ಕಲ್ಲಾಗುತ್ತದೆ.
ನಮ್ಮಣ್ಣನ ನೆನಪಾಯಿತು ಯಾಕೋ. ಹೇಳಲಿಲ್ಲ.

'ತಾ ಇಲ್ಲೆ' ಅಂದರು. ಕೊಟ್ಟೆ.
ಬಾಟಲಿ ಬೋಲ್ಟಿನ ಮೇಲೆ ತಲೆಕೆಳಗಾಗಿ ನಡುಗಿತು.
ನಾನಾದರೆ ಒತ್ತಿ, ಜಾಸ್ತಿ ಸುರಿದು, ಒರೆಸುತ್ತಿದ್ದೆ.
ಅವರ ನಡುಕಕ್ಕೆ ಒಂದು ಹನಿ ಉದುರಿತು, ಇನ್ನೊಂದು,
ಥ್ರೆಡ್ಡಿನ ಗುಂಟ ಇಳಿದು ನಿಂತಿತು.
ನಾಲ್ಕು ಬೋಲ್ಟಿಗೆ ಎಂಟು ಹನಿ. ನೆಲಕ್ಕೊಂದೂ ಇಲ್ಲ.
'ಇದನ್ನ ಈ ಕೈಗೇ ಹಚ್ಚಬೇಕಲೇ' ಎಂದು ನಕ್ಕರು.
ನಗು ಬಶಿಯವರೆಗೂ ತುಳುಕಿತು.

ಒಯ್ಯುತ್ತೇನೆ ಈಗಲೇ ಅಂತ ಅಸುಂಡಿಯ ಅವಸರ.
ಮೇಲೆ ಮೂರು ಫ್ಯಾನು ನಿಂತಿವೆಯಂತೆ, ಫೋನಿನ ಮೇಲೆ ಫೋನು.
'ನಾಳಿ, ಇದ ಹೊತ್ತಿಗೆ' ಅಂದರು ಉಸ್ತಾದ್.
ಬಸ್ಸಿಗೆ ಹೋದ, ಬೈದುಕೊಳ್ಳುತ್ತ.

ಮರುದಿನ ಚಾವಿ ತಿರುವಿದೆ.
ದಾವಲಸಾಬ್ ಎದ್ದು ಬಂದು
ಬಾನೆಟ್ಟಿನ ಮೇಲೆ ಬಲಗೈ ಇಟ್ಟರು, ಕಣ್ಣು ಮುಚ್ಚಿ.
ಎಂಜಿನ್ನೂ ಕೈಯೂ ಒಂದೇ ಚಾಲಿಗೆ ಬಂದವು.
ಯಾವುದು ಯಾವುದನ್ನು ನಡುಗಿಸುತ್ತಿದೆ,
ಹತ್ತಿರ ನಿಂತ ನನಗೂ ತಿಳಿಯಲಿಲ್ಲ.

'ಹೂಂ, ಒಯ್ಯಿ.'

ಹಳೆಯ ಬೋಲ್ಟು ಗುಜರಿ ಡಬ್ಬಿಗೆ ಎಸೆದಿದ್ದೆ.
ಅಸುಂಡಿ ಬಗ್ಗಿ, ಕೆದಕಿ, ಹಲ್ಲನ್ನಷ್ಟೇ ಆರಿಸಿ ಕಿಸೆಗೆ ಹಾಕಿಕೊಂಡ.
ಆ ಹುಡುಗ ಹೊಳ್ಳಿ ಕೇಳಿದ್ದನಂತೆ.